ಭಂಡಾರ ಹಚ್ಚಿದ ಮೈಲುಗಲ್ಲುಗಳು

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಾವಿಯ ಬಸ್ಸು ಹತ್ತುವಾಗ ನಮ್ಮಕ್ಕ ನೀಲವ್ವನ ಹತ್ತಿರ ಮೂರೇ ಸಾಮಾನಿದ್ದವು. ಬೆನ್ನಿಗೆ ಹೊಸ ಚೀಲ, ಕೈಯಲ್ಲಿ ಖಡಕ್ ರೊಟ್ಟಿಯ ಗಂಟು, ಸೊಂಟಕ್ಕೆ ಭಂಡಾರ ತುಂಬಿದ ಬಟ್ಟೆಯ ಚೀಲ. ಭಂಡಾರವೆಂದರೆ ನಮ್ಮ ಕಡೆ ಎಲ್ಲಮ್ಮನಿಗೆ ಏರಿಸುವ ಅರಿಷಿಣ ಪುಡಿ. ನನ್ನ ಹತ್ತಿರ ಹದಿನೇಳು ಸಾಮಾನಿದ್ದವು. ಎಲ್ಲವನ್ನೂ ಪಟ್ಟಿ ಮಾಡಿಕೊಂಡಿದ್ದೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು ನಾನು. ನಕ್ಷೆ ಇಲ್ಲದೆ ಹಿತ್ತಲಿಗೂ ಹೋಗುವವನಲ್ಲ ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ.

ಕಂಡಕ್ಟರ್ ಅಕ್ಕನ ಸೊಂಟದ ಚೀಲ ನೋಡಿ ಕೇಳಿದ, "ಎಲ್ಲಿಗ್ರಿ ಯಕ್ಕಾರ, ಗುಡ್ಡಕ್ಕೇನು? ಇದು ಬೆಳಗಾವಿ ಗಾಡಿ ಐತ್ರಿ."

"ಇಲ್ಲೋ ಯಪ್ಪಾ, ಸ್ಪೇನಕ್ಕ."

ಅವನು ಕ್ಷಣ ಯೋಚಿಸಿದ. "ಬೆಳಗಾವಿ ಮಟಾ ಟಿಕೆಟ್ ಕೊಡತೇನ್ರಿ. ಮುಂದಿಂದು ನೀವ ನೋಡ್ಕೋರಿ."

ಅಕ್ಕನ ಮನೆ ಉಗರಗೋಳದಲ್ಲಿ. ಎಲ್ಲಮ್ಮನ ಗುಡ್ಡದ ಮೇಲೆ ಅವಳದು ಕಾಯಿ, ಕರ್ಪೂರ, ಕುಂಕುಮ, ಭಂಡಾರದ ಅಂಗಡಿ. ನಲವತ್ತು ವರ್ಷ ಅದೇ ಮಣೆಯ ಮೇಲೆ ಕುಳಿತವಳು. ನಡೆದು ಬಂದ ಭಕ್ತರು ಅಂಗಡಿಯ ಮುಂದೆ ನಿಂತರೆ ಮೊದಲು ಅವಳು ಕೇಳುವುದು ಒಂದೇ ಮಾತು: "ಎಲ್ಲಿಂದ ನಡಕೊಂತ ಬಂದ್ರಿ?" ಒಬ್ಬರು ಸುರೇಬಾನ ಅನ್ನುತ್ತಾರೆ, ಒಬ್ಬರು ಕೊಲ್ಹಾಪುರ ಅನ್ನುತ್ತಾರೆ. "ಆ ಊರ ಹೆಸರ ಹೇಳೂ ಮುಂದ ಅವರ ಮಾರಿ ನೋಡಬೇಕ ತಮ್ಮಾ," ಎಂದು ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದಳು. "ಕಾಲಾಗ ಗುಳ್ಳಿ ಎದ್ದಿರತಾವ, ಮಾರಿ ಮಾತ್ರ ದೀಪ ಹಚ್ಚಿದಂಗ. ನಾ ಕೇಳಿ ಕೇಳಿ ಸಾಕಾತು. ಒಮ್ಮೆರೆ ನನಗ ಯಾರರೆ ಕೇಳಬೇಕು."

ಹಾಗಿದ್ದರೆ ಗುಡ್ಡಕ್ಕೇ ನಡೆದು ಹೋಗಬಹುದಲ್ಲ ಎಂದು ನಾನು ಅಂದಿದ್ದೆ. "ದೇವರ ಬಾಜೂ ಮನಿಯಾಕಿ ಯಾತ್ರಾ ಹೊಂಟೇನಂದ್ರ ಮಂದಿ ನಗತಾರ," ಎಂದು ಮಾತು ಮುಗಿಸಿದ್ದಳು. ದಿನಾ ಟೆಂಪೋದಲ್ಲಿ ಹತ್ತಿ ಟೆಂಪೋದಲ್ಲೇ ಇಳಿಯುವವಳು ಅವಳು.

ಸ್ಪೇನಿನ ಮಾತು ಬಂದದ್ದು ಪಿಲಾರ್ ಎಂಬ ಹೆಂಗಸಿನಿಂದ. ಮೂರು ವರ್ಷದ ಹಿಂದೆ ಈ ನಿವೃತ್ತ ನರ್ಸ್ ಕಿತ್ತೂರಿನಿಂದ ಹೊರಟ ಪಾದಯಾತ್ರೆಯವರ ಜೊತೆ ಬೈಲಹೊಂಗಲ, ಸವದತ್ತಿ ದಾಟಿ ಗುಡ್ಡಕ್ಕೆ ಬಂದಿದ್ದಳು. ಅಂಗಡಿಯ ಮುಂದೆ ಕುಸಿದು ಕುಳಿತಾಗ ಅವಳ ಹಿಮ್ಮಡಿಯ ಚರ್ಮವೇ ಕಿತ್ತು ಬಂದಿತ್ತು. ಅಕ್ಕ ಅವಳನ್ನು ಮನೆಗೆ ಕರೆದೊಯ್ದು ಎಂಟು ದಿನ ಇಟ್ಟುಕೊಂಡು ಕಾಲಿಗೆ ಅರಿಷಿಣ, ಬೇವಿನ ಎಣ್ಣೆ ಹಚ್ಚಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು. ಹೋಗುವಾಗ ಪಿಲಾರ್ ತನ್ನ ಕಡೆಯ ಯಾತ್ರಿಕರ ಗುರುತಾದ ಒಂದು ಬಿಳಿ ಕಡಲಚಿಪ್ಪು ಕೊಟ್ಟು, ತನ್ನ ಊರು ಸಾಂತಿಯಾಗೊದ ದೊಡ್ಡ ಗುಡಿಗೂ ಜನ ಹೀಗೇ ನಡೆದು ಬರುತ್ತಾರೆ, ನೀನೂ ನಡೆದು ಬಾ, ಗುಡಿಯ ಮುಂದೆ ನಾನು ಕಾಯುತ್ತೇನೆ ಎಂದಳು. ಅವಳು ಇಂಗ್ಲಿಷಿನಲ್ಲಿ ಅಂದದ್ದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದವನು ನಾನೇ. ಚಿಪ್ಪು ಅಂಗಡಿಯಲ್ಲಿ ತೂಗುತ್ತ ಮೂರು ವರ್ಷ ಅಕ್ಕನನ್ನು ಕಾಡಿತು.

ಹೊರಡುವ ಮುಂಚೆ ಒಂದು ಮಾತು ಖಚಿತ ಮಾಡಿದಳು. ನಡಿಗೆ ಶುರುವಾದ ಮೇಲೆ ಗುಡಿ ಮುಟ್ಟುವ ತನಕ ಗಾಡಿ ಹತ್ತುವುದಿಲ್ಲ. ಒಂದು ಹೆಜ್ಜೆಯೂ ಗಾಲಿಯ ಮೇಲೆ ಆಗಬಾರದು. ಅವಳ ಬಲಗಾಲಿನ ಮೊಣಕಾಲಿನ ಕತೆ ಗೊತ್ತಿದ್ದ ನಾನು ಹೂಂ ಅಂದೆ. ಮನಸ್ಸಿನಲ್ಲಿ ಮಾತ್ರ, ಅಲ್ಲಿ ಹೋದ ಮೇಲೆ ನೋಡಿದರಾಯಿತು ಅಂದುಕೊಂಡಿದ್ದೆ. ಆರು ತಿಂಗಳು ಅವಳು ಉಗರಗೋಳದ ಹೊಲದ ಹಾದಿಯಲ್ಲಿ ನಡೆದು ರೂಢಿ ಮಾಡಿಕೊಂಡಳು. ನಾನು ಬೈಲಹೊಂಗಲದ ಮನೆಯಲ್ಲಿ ಕುಳಿತು ಫೋನಿನಲ್ಲಿ ಸ್ಪ್ಯಾನಿಷ್ ಕಲಿತೆ.

ಮುಂಬೈ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಭಂಡಾರದ ಚೀಲ ಬಿಚ್ಚಿಸಿದ. ಮೂಸಿ ನೋಡಿದ, ಮೇಲಿನವನನ್ನು ಕರೆದ. ಬಂದವನು ಮರಾಠಿಯವನು. ಚೀಲ ನೋಡಿದ್ದೇ ತಡ ಟೋಪಿ ತೆಗೆದು ಹಣೆ ಬಗ್ಗಿಸಿದ. ಅಕ್ಕ ಎರಡು ಬೆರಳು ಭಂಡಾರ ಎಳೆದಳು. ಅವನ ಹಿಂದೆ ಇನ್ನಿಬ್ಬರು ಸಿಪಾಯಿಗಳು ಬಂದು ನಿಂತರು. ನಮ್ಮ ಹಿಂದಿನ ಸಾಲು ಗೊಣಗತೊಡಗಿತು.

ಮ್ಯಾಡ್ರಿಡ್‌ನಲ್ಲಿಳಿದು, ರೈಲಿನಲ್ಲಿ ಅರ್ಧ ದಿನ ಕಳೆದು, ಸಾರ್ರಿಯಾ ಎಂಬ ಸಣ್ಣ ಊರು ತಲುಪಿದಾಗ ಸಂಜೆ. ಮೇ ತಿಂಗಳು, ನಮ್ಮ ಡಿಸೆಂಬರಿನ ಥಂಡಿ. ಅಲ್ಲಿಂದ ಸಾಂತಿಯಾಗೊಗೆ ನೂರಾ ಹದಿನೈದು ಕಿಲೋಮೀಟರ್. ನಡೆಯುವವರಿಗೊಂದು ಮಡಚುವ ಕಾರ್ಡು ಕೊಡುತ್ತಾರೆ; ದಿನಕ್ಕೆರಡು ಸಲ ಹಾದಿಯ ಅಂಗಡಿಯಲ್ಲೋ ಗುಡಿಯಲ್ಲೋ ಅದರ ಮೇಲೆ ಠಸ್ಸೆ ಹೊಡೆಸಬೇಕು. ಕೊನೆಗೆ ಅದನ್ನು ತೋರಿಸಿದರೆ ನಡೆದು ಬಂದದ್ದಕ್ಕೆ ಪ್ರಮಾಣಪತ್ರ. ಹಾದಿಯುದ್ದಕ್ಕೂ ಹಳದಿ ಬಾಣದ ಗುರುತು ಮತ್ತು ಚಿಪ್ಪಿನ ಚಿತ್ರವಿರುವ ಕಲ್ಲಿನ ಕಂಬಗಳು. ಉಳಿದ ದೂರವನ್ನು ಕಂಬದ ಮೇಲೆ ಕೆತ್ತಿರುತ್ತಾರೆ. ಭೂಗೋಳದ ಮಾಸ್ತರನಿಗೆ ಇಷ್ಟು ಸಾಕು ಅಂದುಕೊಂಡೆ.

ಯಾತ್ರಿಕರ ವಸತಿಗೃಹದಲ್ಲಿ ಹತ್ತು ಯೂರೋಗೆ ಒಂದು ಹಾಸಿಗೆ, ಮೇಲೊಂದು ಕೆಳಗೊಂದು. ನಾನು ಬಾಯಿಪಾಠ ಮಾಡಿದ್ದ ಸ್ಪ್ಯಾನಿಷ್‌ನಲ್ಲಿ, ನಮ್ಮ ಹಿರಿಯ ಸಹೋದರಿಗೆ ಕೆಳಗಿನ ಹಾಸಿಗೆ ದಯಪಾಲಿಸುವಿರಾ ಎಂದು ಕೇಳಿದೆ. ಕೌಂಟರಿನ ಹೆಂಗಸು ಸೌಜನ್ಯದಿಂದ ಕೇಳಿಸಿಕೊಂಡು, ಉತ್ತರವಾಗಿ ಮಳೆ ಸುರಿದಂತೆ ಏನೋ ಸುರಿಸಿದಳು. ನನಗೆ ಒಂದಕ್ಷರ ಹತ್ತಲಿಲ್ಲ. ಅಷ್ಟರಲ್ಲಿ ಅಕ್ಕ ಮುಂದೆ ಬಂದು, "ನೋಡ ಯವ್ವಾ, ಇದು ಏರಂಗಿಲ್ಲ," ಎಂದು ಮೊಣಕಾಲು ತಟ್ಟಿ, ಮೇಲಿನ ಹಾಸಿಗೆ ತೋರಿಸಿ ಕೈಯಾಡಿಸಿದಳು. ಕೆಳಗಿನ ಹಾಸಿಗೆ ಸಿಕ್ಕಿತು, ಜೊತೆಗೆ ಹೆಚ್ಚಿನದೊಂದು ಕಂಬಳಿ, ಕುಡಿಯಲು ಬಿಸಿನೀರು. ನಾನು ಮೇಲೆ ಹತ್ತಿ ಮಲಗಿದೆ.

"ಆರ ತಿಂಗಳ ಏನ್ ಕಲತ್ಯೋ ಮಾಸ್ತರ?" ಎಂದು ಕೆಳಗಿನಿಂದ ದನಿ ಬಂತು.

ಮರುದಿನ ನಸುಕಿನಲ್ಲಿ ಹೊರಟೆವು. ಅಕ್ಕನದು ರಾಮದುರ್ಗದ ನೇಕಾರರ ಹಸಿರು ಸೀರೆ, ಕಾಲಿಗೆ ಬೂಟು, ತಲೆಗೆ ಸೆರಗು, ಅದರ ಮೇಲೆ ಮಳೆಯ ಕೋಟು. ಊರ ಹೊರಗೆ ಮೊದಲ ಕಲ್ಲು ಕಂಡಿತು. ಅಕ್ಕ ನಿಂತಳು. ಬೂಟು ಬಿಚ್ಚಿದಳು, ಸೊಂಟದ ಚೀಲಕ್ಕೆ ಕೈ ಹಾಕಿ ಕಲ್ಲಿಗೆ ಮೂರು ಬೆರಳು ಭಂಡಾರ ಎಳೆದು ಕೈ ಮುಗಿದಳು. ಮತ್ತೆ ಬೂಟು ಕಟ್ಟಿಕೊಂಡಳು.

"ಯಕ್ಕಾ, ಅದು ಮೈಲುಗಲ್ಲೈತಿ. ದೇವರಲ್ಲ."

"ದೇವರ ಹಾದ್ಯಾಗ ನಿಂತೈತಿ. ದಿನಾ ಸಾವಿರ ಮಂದಿಗೆ ಹಾದಿ ತೋರಸತೈತಿ. ಇನ್ನ ದೇವರಂದ್ರ ಏನ್ ಮಾಡಬೇಕು ಅದು?"

ಕಲ್ಲುಗಳು ಅರ್ಧ ಕಿಲೋಮೀಟರಿಗೊಂದು. ಪ್ರತಿಯೊಂದಕ್ಕೂ ಬೂಟು ಬಿಚ್ಚುವುದು, ಕಟ್ಟುವುದು. ಹತ್ತನೆಯ ಕಲ್ಲಿಗೆ ನನ್ನ ಸಹನೆ ಮುಗಿದು, ಬೂಟು ಹಾಕಿಕೊಂಡೇ ಹಚ್ಚಿದರೆ ದೇವರು ಸಿಟ್ಟಾಗುವುದಿಲ್ಲ ಎಂದು ಒಪ್ಪಿಸಿದೆ. ಹಾದಿ ಚೆಂದವಿತ್ತು. ಓಕ್ ಮರಗಳ ಕತ್ತಲೆ, ಪಾಚಿ ಕಟ್ಟಿದ ಕಲ್ಲಿನ ಗೋಡೆ, ಕಂಬದ ಮೇಲೆ ನಿಲ್ಲಿಸಿದ ಕಾಳಿನ ಕಣಜಗಳು, ಕೊರಳಿಗೆ ಗಂಟೆ ಕಟ್ಟಿದ ಕೆಂದು ಹಸುಗಳು. ನನ್ನ ಕಣ್ಣು ಫೋನಿನ ನಕ್ಷೆಯ ಮೇಲಿತ್ತಾದ್ದರಿಂದ ಇವನ್ನೆಲ್ಲ ಅಕ್ಕನೇ ತೋರಿಸಿದಳು. ಒಂದು ಕವಲಿನಲ್ಲಿ ದೊಡ್ಡ ಚೆಸ್ಟ್‌ನಟ್ ಮರದ ಬುಡಕ್ಕೆ ದುಂಡನೆಯ ಕರಿಕಲ್ಲಿತ್ತು. ನಮ್ಮ ಹೊಲದ ಬದುವಿನಲ್ಲಿ ಬನ್ನಿ ಮರದ ಕೆಳಗೆ ಕೂಡಿಸುವ ದೇವಿಯ ಕಲ್ಲಿನ ಹಾಗೇ ಕಂಡಿತು. ಅಕ್ಕ ಅದಕ್ಕೆ ಭಂಡಾರವನ್ನು ನೀರಿನಲ್ಲಿ ಕಲಸಿ ಮೈತುಂಬ ಬಳಿದಳು. ಬೆಳ್ಳನೆಯ ಮಬ್ಬಿನಲ್ಲಿ ಅದು ದೂರಕ್ಕೂ ಹೊಳೆಯುತ್ತಿತ್ತು.

ಇಪ್ಪತ್ತೆರಡು ಕಿಲೋಮೀಟರ್ ನಡೆದು ಪೋರ್ತೊಮರಿನ್ ಸೇರಿದೆವು. ಹಳೆಯ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ್ದರಿಂದ, ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ದಿಬ್ಬದ ಮೇಲೆ ಕಟ್ಟಿದ್ದಾರೆ. ಸವದತ್ತಿಯ ಬಳಿ ಮಲಪ್ರಭೆಯ ಅಣೆಕಟ್ಟಿನ ನೀರಿನಲ್ಲಿ ಊರುಗಳು ಮುಳುಗಿದ್ದನ್ನು ಕಂಡ ಅಕ್ಕನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಊಟಕ್ಕೆ ಹುರಿದ ಹಸಿಮೆಣಸಿನಕಾಯಿ ಸಿಕ್ಕಿತು, ಮೇಲೆ ಹರಳುಪ್ಪು. ನಮ್ಮ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಅದು ಎಷ್ಟು ಸೊಗಸಾಗಿತ್ತೆಂದರೆ ಅಕ್ಕ ಅಡುಗೆಯವಳನ್ನು ಹೊರಗೆ ಕರೆಸಿ ಅವಳಿಗೂ ಒಂದು ರೊಟ್ಟಿ ಕೊಟ್ಟಳು.

ಅದೇ ಹೊತ್ತಿಗೆ ಒಬ್ಬ ಉದ್ದನೆಯ ಡಚ್ಚರವನು ಮತ್ತು ಕೊರಿಯಾದ ಗಂಡ ಹೆಂಡತಿ, ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಒಳಗೆ ಬಂದರು. ಪಕ್ಕದ ಮೇಜಿನವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು: ಮರದ ಕೆಳಗೊಂದು ಕಲ್ಲಿಗೆ ಹಳದಿ ಬಳಿದಿದ್ದರು, ಹಳದಿ ಅಂದರೆ ಹಾದಿ ಎಂದು ಅದೇ ಕವಲು ಹಿಡಿದೆವು, ಎರಡು ಕಿಲೋಮೀಟರ್ ಹೋದರೆ ಹಾದಿ ದನದ ಕೊಟ್ಟಿಗೆಗೆ ಹೋಗಿ ಮುಗಿಯಿತು. ನಾನು ರೊಟ್ಟಿ ಕೆಳಗಿಟ್ಟೆ. ಈ ದೇಶದಲ್ಲಿ ಹಳದಿ ಬಣ್ಣವೇ ಭಾಷೆ ಎಂಬುದು ಭೂಗೋಳದ ಮಾಸ್ತರನ ತಲೆಗೆ ಹೊಳೆದಿರಲಿಲ್ಲ.

ಪಿಸುಮಾತಿನಲ್ಲಿ ಅಕ್ಕನಿಗೆ ಹೇಳಿ, ಸುಮ್ಮನೆ ಕೂತುಬಿಡೋಣ ಅಂದೆ. ಅವಳು ಸುಮ್ಮನೆ ಕೂರುವ ಪೈಕಿಯಲ್ಲ. ಎದ್ದು ಹೋಗಿ ಸೊಂಟದ ಚೀಲ ಬಿಚ್ಚಿ ತೋರಿಸಿ, ಕೈ ಮುಗಿದು, "ತಪ್ಪಾತ್ರಿ ಯಪ್ಪಾ. ನಮ್ಮ ಕಡೆ ಕಲ್ಲ ಕಂಡ್ರ ಹಚ್ಚತೇವು. ನಿಮಗ ತ್ರಾಸ ಆತು," ಅಂದಳು. ಅನುವಾದ ಮಾಡುವ ಪ್ರಸಂಗ ನನ್ನ ಪಾಲಿಗೆ ಬಂತು. ಡಚ್ಚರವನು ಎರಡು ಸಲ ಕೇಳಿ ತಿಳಿದುಕೊಂಡ, ಆಮೇಲೆ ಮೇಜು ಬಡಿದು ನಕ್ಕ. ಕೊಟ್ಟಿಗೆಯ ಯಜಮಾನ ಅವರಿಗೆ ಬಿಸಿ ಹಾಲು ಕುಡಿಸಿ ಕಳಿಸಿದ್ದನಂತೆ. ಇಡೀ ದಿನದಲ್ಲಿ ಒಳ್ಳೆಯದಾಗಿದ್ದು ಅದೊಂದೇ ಎಂದ. ಕೊರಿಯಾದ ಹೆಂಡತಿ ಭಂಡಾರ ಹಚ್ಚಿಸಿಕೊಂಡಳು. ಅಂದು ಅಕ್ಕ ನನಗೆ ಮಾತು ಕೊಟ್ಟಳು: ಇನ್ನು ಮುಂದೆ ಬಾಣ ಇದ್ದ ಕಲ್ಲಿಗೆ ಮಾತ್ರ ಭಂಡಾರ, ಬೇರೆ ಯಾವ ಕಲ್ಲಿಗೂ ಇಲ್ಲ.

ಎರಡನೆಯ ದಿನ ಪಾಲಾಸ್ ದೆ ರೆಯ್ ತನಕ ಇಪ್ಪತ್ತೈದು ಕಿಲೋಮೀಟರ್. ದಾರಿ ಕೇಳುವುದರಲ್ಲಿ ಅಕ್ಕನದೊಂದು ಪದ್ಧತಿ ಇದೆ. ಒಬ್ಬರನ್ನು ಕೇಳಿ ನಂಬುವುದಿಲ್ಲ. ಮೂವರನ್ನು ಕೇಳಿ ಇಬ್ಬರು ಕೈ ಮಾಡಿದ ಕಡೆ ಹೋಗುತ್ತಾಳೆ. ಊರ ಹೆಸರು ಹೇಳಿ ಎರಡು ದಿಕ್ಕಿಗೆ ಕೈ ತೋರಿಸಿ ಹುಬ್ಬು ಏರಿಸಿದರೆ ಮುಗಿಯಿತು. ನನ್ನ ವ್ಯಾಕರಣಬದ್ಧ ಪ್ರಶ್ನೆಗೆ ಜನ ಉದ್ದುದ್ದ ಉತ್ತರ ಕೊಡುತ್ತಿದ್ದರು, ನನಗೆ ತಿಳಿಯುತ್ತಿರಲಿಲ್ಲ. ಅವಳ ಹುಬ್ಬಿಗೆ ಕೈಯಿಂದಲೇ ಉತ್ತರ ಸಿಗುತ್ತಿತ್ತು. ಇದರಿಂದ ನನಗೆ ಸ್ವಲ್ಪ ಉರಿಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಮೂರನೆಯ ದಿನ ಬೆಳಗಿನಿಂದಲೇ ಜಿಟಿಜಿಟಿ ಮಳೆ. ಅಂದಿನ ದೂರ ಎಲ್ಲಕ್ಕಿಂತ ಹೆಚ್ಚು, ಅರ್ಸೂವಾ ತನಕ ಇಪ್ಪತ್ತೊಂಬತ್ತು. ಅರ್ಧ ದಾರಿಯ ಮೆಲಿದೆ ಎಂಬ ಊರಿಗೆ ಬರುವಷ್ಟರಲ್ಲಿ ಅಕ್ಕ ಬಲಗಾಲನ್ನು ಎಳೆಯುತ್ತಿದ್ದಳು. ನಾನು ಟ್ಯಾಕ್ಸಿಯ ಮಾತು ತೆಗೆದೆ.

"ಇನ್ನ ಹದಿನಾಕ ಕಿಲೋಮೀಟರ್ ಐತಿ. ಗಾಡಿ ಹತ್ತೂಣು. ಯಾರ ನೋಡತಾರ ಇಲ್ಲಿ?"

"ನಾ ನೋಡತೇನಲಾ."

"ಹಟಾ ಮಾಡಬ್ಯಾಡ ಯಕ್ಕಾ. ಇಷ್ಟ ವಯಸ್ಸಿಗೆ ಯಾರಿಗೆ ತೋರಸಾಕ ಈ ನಡಗಿ? ಕಾಲ ಹೋತಂದ್ರ ಅಂಗಡ್ಯಾಗ ಕುಂಡ್ರಾಕೂ ಬರಂಗಿಲ್ಲ."

ಆಡಬಾರದಿತ್ತು. ಅಂಗಡಿಯ ಮಾತನ್ನಂತೂ ಆಡಲೇಬಾರದಿತ್ತು. ಅಕ್ಕ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. ಮೊಣಕಾಲಿಗೆ ಪಟ್ಟಿ ತರುತ್ತೇನೆ ಎಂದು ಅವಳನ್ನು ಚರ್ಚಿನ ಕಟ್ಟೆಯ ಮೇಲೆ ಕೂಡಿಸಿ ಔಷಧದ ಅಂಗಡಿ ಹುಡುಕಿಕೊಂಡು ಹೋದೆ. ಅಲ್ಲಿ ಮೊಣಕಾಲಿಗೆ ಏನನ್ನುತ್ತಾರೆಂದು ಮರೆತುಹೋಗಿ, ಕೊನೆಗೆ ನನ್ನದೇ ಮೊಣಕಾಲು ತಟ್ಟಿ ತೋರಿಸಿ ಪಟ್ಟಿ ತರುವುದರಲ್ಲಿ ಮುಕ್ಕಾಲು ತಾಸಾಯಿತು. ತಿರುಗಿ ಬಂದರೆ ಕಟ್ಟೆ ಖಾಲಿ.

ಚರ್ಚಿನ ಒಳಗೆ ಇಲ್ಲ, ಹಿಂದೆ ಇಲ್ಲ, ಎದುರಿನ ಹೋಟೆಲಿನಲ್ಲೂ ಇಲ್ಲ. ಅವಳ ಹತ್ತಿರ ಫೋನಿಲ್ಲ. ಎರಡೂ ಫೋನು, ಪಾಸ್‌ಪೋರ್ಟು, ವಸತಿಗೃಹದ ವಿಳಾಸ ಎಲ್ಲ ನನ್ನ ಚೀಲದಲ್ಲಿ. ಎಲ್ಲ ನಾನೇ ನೋಡಿಕೊಳ್ಳುತ್ತೇನೆಂಬ ನನ್ನ ಜಂಬದ ಫಲ ಅದು. ಅರವತ್ತಾರು ವರ್ಷದ, ಕನ್ನಡ ಬಿಟ್ಟು ಬೇರೊಂದು ಮಾತು ಬಾರದ ಹೆಂಗಸು ಮಳೆಯಲ್ಲಿ ಎತ್ತ ಹೋದಳು? ಪೊಲೀಸರಿಗೆ ಏನಂತ ಹೇಳಬೇಕೆಂದು ಸ್ಪ್ಯಾನಿಷ್ ಕೂಡಿಸತೊಡಗಿದರೆ ಆರು ತಿಂಗಳು ಕಲಿತದ್ದರಲ್ಲಿ ನೆನಪಾದದ್ದು ಬಣ್ಣಗಳ ಹೆಸರು, ವಾರದ ಹೆಸರು ಅಷ್ಟೇ.

ಆಗ ಫೋನನ್ನು ಕಿಸೆಗೆ ಹಾಕಿ ಅಕ್ಕನ ಪದ್ಧತಿಗೆ ಶರಣಾದೆ. ಹೂವಿನ ಅಂಗಡಿಯವಳ ಮುಂದೆ ತಲೆಯ ಮೇಲೆ ಸೆರಗು ಹೊದ್ದಂತೆ ಮಾಡಿ, ಬಲಗಾಲು ಎಳೆದು ತೋರಿಸಿ, ಹುಬ್ಬು ಏರಿಸಿದೆ. ಅವಳು ಪಶ್ಚಿಮಕ್ಕೆ ಕೈ ಮಾಡಿದಳು. ಕಸ ಗುಡಿಸುವವನೂ ಪಶ್ಚಿಮಕ್ಕೇ ಮಾಡಿದ. ಮೂರನೆಯವನನ್ನು ಕೇಳದೆ ಓಡಿದೆ.

ಊರು ದಾಟಿದ ಮೇಲೆ ಕಂಡ ಮೊದಲ ಕಂಬದ ಮೇಲೆ ಭಂಡಾರವಿತ್ತು. ಮಳೆಗೆ ಕರಗಿ ಕೆಳಗಿಳಿಯುತ್ತಿತ್ತು, ಅಂದರೆ ಹಚ್ಚಿ ಬಹಳ ಹೊತ್ತಾಗಿರಲಿಲ್ಲ. ನನಗೆ ಕಣ್ಣೀರು ಬಂತು, ಅದನ್ನು ಹೇಳಲು ನಾಚಿಕೆಯಿಲ್ಲ. ಮುಂದಿನ ಕಂಬದ ಮೇಲೂ ಇತ್ತು, ಅದರ ಮುಂದಿನದರ ಮೇಲೂ. ನೀಲಗಿರಿ ಮರಗಳ ಕಾಡು ಶುರುವಾಯಿತು. ಹಳ್ಳಕ್ಕೆ ಹಾಕಿದ ಚಪ್ಪಡಿ ಕಲ್ಲು ದಾಟಿದೆ. ಎದುರು ಬಂದ ಕಂಬ ಬೋಳಾಗಿತ್ತು. ಇನ್ನೂ ಮುಂದೆ ಓಡಿದೆ, ಅಲ್ಲೂ ಇಲ್ಲ. ಮೂರನೆಯದರ ಮೇಲೂ ಇಲ್ಲ.

ಹಳ್ಳದತ್ತ ತಿರುಗಿ ಬಂದು, ಈಗ ಮೆಲ್ಲಗೆ, ಎರಡೂ ಬದಿ ನೋಡುತ್ತ ನಡೆದೆ. ಬಲಗಡೆ ಬೇಲಿಯ ನಡುವೆ ಒಂದು ಸಣ್ಣ ಕಾಲುದಾರಿ ಇತ್ತು. ಅದರ ಬಾಯಿಗೆ ಒಂದು ಬೆಣಚುಕಲ್ಲು, ಅದರ ಮೇಲೆ ಅಂಗೈಯಗಲ ದಪ್ಪಗೆ ಮೆತ್ತಿದ ಭಂಡಾರ. ಅಲ್ಲಿ ಬಾಣವಿರಲಿಲ್ಲ, ಚಿಪ್ಪಿರಲಿಲ್ಲ. ಬಾಣವಿಲ್ಲದ ಕಲ್ಲಿಗೆ ಹಚ್ಚುವುದಿಲ್ಲ ಎಂದು ಮಾತು ಕೊಟ್ಟವಳು ಅಕ್ಕ, ಕೊಟ್ಟ ಮಾತು ತಪ್ಪುವವಳಲ್ಲ. ಹಾಗಾದರೆ ಇದು ಪೂಜೆಯಲ್ಲ, ನನಗಾಗಿ ಇಟ್ಟ ಗುರುತು.

ಕಾಲುದಾರಿ ಒಂದು ಕಲ್ಲಿನ ಮನೆಗೆ ಹೋಗಿ ಮುಟ್ಟಿತು. ಬಾಗಿಲು ತೆರೆದಿತ್ತು. ಅಡುಗೆಮನೆಯಲ್ಲಿ ಒಲೆಯ ಮುಂದೆ ಅಕ್ಕ ಕುಳಿತಿದ್ದಳು, ಎರಡೂ ಕಾಲು ಬಿಸಿನೀರಿನ ಬೋಗುಣಿಯಲ್ಲಿ. ಎದುರಿಗೆ ಅವಳಿಗಿಂತ ಹಿರಿಯಳಾದ ಕಪ್ಪು ಸ್ವೆಟರಿನ ಅಜ್ಜಿ. ನಡುವೆ ಬುಟ್ಟಿ ತುಂಬ ಹಸಿ ಬಟಾಣಿ. ಇಬ್ಬರೂ ಸುಲಿಯುತ್ತಿದ್ದರು.

"ಬಂದೆಲ್ಲೋ," ಅಂದಳು ಅಕ್ಕ. "ಇಷ್ಟೊತ್ತಾತಲಾ. ಕಲ್ಲ ಕಾಣಲಿಲ್ಲೇನು?"

ಸಿಟ್ಟು ಬಂತು, ನಗು ಬಂತು, ಕೊನೆಗೆ ಬಾಗಿಲಲ್ಲೇ ಕುಳಿತುಬಿಟ್ಟೆ. ನಡೆದದ್ದು ಇಷ್ಟು: ಕಟ್ಟೆಯ ಮೇಲೆ ಕುಳಿತಿದ್ದಾಗ ನನ್ನಂಥದೇ ಕೆಂಪು ಮಳೆಕೋಟಿನವನೊಬ್ಬ ತಲೆ ಬಗ್ಗಿಸಿ ಮುಂದೆ ಹೋದ. ತಮ್ಮ ಸಿಟ್ಟಿನಲ್ಲಿ ತನ್ನನ್ನು ಬಿಟ್ಟು ಹೊರಟನೆಂದು ಅಕ್ಕ ಅವನ ಹಿಂದೆ ಕುಂಟುತ್ತ ನಡೆದಳು. ಹಳ್ಳದ ಹತ್ತಿರ ಅವನು ತಿರುಗಿ ನೋಡಿದಾಗ ಬೇರೆ ಯಾರೋ. ಮೊಣಕಾಲು ಅಲ್ಲಿಗೆ ನಿಂತೇಹೋಯಿತು. ಹೊಗೆ ಕಂಡ ಕಡೆ ಬಂದಳು.

ಅಜ್ಜಿಯ ಮಗ ಹೊರಗಿನಿಂದ ಬಂದ. ಐವತ್ತರ ಆಸುಪಾಸಿನ ರೈತ, ಕೈಯಲ್ಲಿ ಕಾರಿನ ಕೀಲಿ. ಅರ್ಸೂವಾ, ಅರ್ಸೂವಾ ಎಂದು ಕೀಲಿ ಅಲುಗಾಡಿಸಿ ಅಕ್ಕನ ಕಾಲು ತೋರಿಸಿದ. ಹತ್ತು ನಿಮಿಷದ ದಾರಿ. ಅಲ್ಲಿ ನಮ್ಮ ಹೆಸರಿನಲ್ಲಿ ಹಾಸಿಗೆ ಕಾದಿವೆ. ನಾನು ಬೆಳಗಿನಿಂದ ಬಯಸುತ್ತಿದ್ದ ಗಾಡಿ ತಾನಾಗಿ ಬಾಗಿಲಿಗೆ ಬಂದು ನಿಂತಿತ್ತು.

ಅಕ್ಕ ಬಟಾಣಿ ಸುಲಿಯುವುದನ್ನು ನಿಲ್ಲಿಸಿದಳು. "ನೀ ಹೇಳಿದ್ದ ಖರೆ ತಮ್ಮಾ. ಕಾಲ ಬಾತೈತಿ. ನಿನಗ ಬಾಳ ತ್ರಾಸ ಕೊಟ್ನಿ. ನೀ ಹತ್ತಂದ್ರ ಹತ್ತತೇನಿ."

ಅವಳ ದನಿಯಲ್ಲಿ ಹಟವಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ನಲವತ್ತು ವರ್ಷ ಮಣೆಯ ಮೇಲೆ ಕುಳಿತು ಬೇರೆಯವರ ಮುಖ ನೋಡಿದವಳು ಈಗ ನನ್ನ ಒಂದು ಮಾತಿಗೆ ಕಾಯುತ್ತಿದ್ದಳು. ನಾನು ಎದ್ದು ನಿಂತು ರೈತನಿಗೆ ಸ್ಪ್ಯಾನಿಷ್‌ನಲ್ಲಿ ಹೇಳಿದೆ: ಬೇಡ, ಧನ್ಯವಾದ, ನನ್ನ ಅಕ್ಕ ನಡೆಯುತ್ತಾಳೆ, ನಾಳೆ. ಅದರಲ್ಲಿ ವ್ಯಾಕರಣ ಎಷ್ಟಿತ್ತೋ ಕಾಣೆ. ಆ ದೇಶದಲ್ಲಿ ಒಂದೇ ಏಟಿಗೆ ತಿಳಿದ ನನ್ನ ಮೊದಲ ವಾಕ್ಯ ಅದು. ಅಜ್ಜಿ ಎದ್ದು ಬಂದು ಮಗನ ಕೈಯಿಂದ ಕೀಲಿ ಇಸಿದುಕೊಂಡು ಗೂಟಕ್ಕೆ ತೂಗುಹಾಕಿದಳು.

ಅಕ್ಕ ಮತ್ತೆ ಬಟಾಣಿಗೆ ಕೈ ಹಾಕಿದಳು. "ಆರ ತಿಂಗಳ ವ್ಯರ್ಥ ಹೋಗಲಿಲ್ಲ ಬಿಡು," ಅಂದಳು.

ಆ ಮನೆಯಲ್ಲೇ ಎರಡು ರಾತ್ರಿ ಉಳಿದೆವು. ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇದ್ದವು. ಪಿಲಾರ್‌ಗೆ ಫೋನ್ ಮಾಡಿ ತಡವಾಗುತ್ತದೆ ಎಂದೆ. ಅಕ್ಕ ಬಟಾಣಿಗೆ ಒಗ್ಗರಣೆ ಕೊಟ್ಟಳು, ಅಜ್ಜಿ ಆಲೂಗಡ್ಡೆ ಬೇಯಿಸಿದಳು. ಹೊರಡುವ ಬೆಳಿಗ್ಗೆ ರೈತ ಎರಡು ಬಡಿಗೆ ಕೆತ್ತಿ ಕೊಟ್ಟ. ಅಕ್ಕ ಕಾಲುದಾರಿಯ ಬಾಯಿಯ ಬೆಣಚುಕಲ್ಲಿನ ಹತ್ತಿರ ನಿಂತು, ಅದರ ಮೇಲೆ ಉಳಿದಿದ್ದ ಭಂಡಾರವನ್ನು ಒದ್ದೆ ಎಲೆಯಿಂದ ಒರೆಸಿ ತೆಗೆದಳು. ಹಿಂದೆ ಬರುವವರು ದಾರಿ ತಪ್ಪಬಾರದಲ್ಲ. ಆಮೇಲೆ ಸರಿಯಾದ ಹಾದಿಗೆ ಬಂದು ಬೋಳು ಕಂಬಕ್ಕೆ ಹಚ್ಚಿ ನಡೆಯತೊಡಗಿದಳು. ಇಲ್ಲಿಂದ ಮುಂದೆ ಫೋನಿನ ನಕ್ಷೆಯನ್ನು ನಾನು ತೆರೆಯಲಿಲ್ಲ. ಮೂವರನ್ನು ಕೇಳುತ್ತ ಹೋದೆವು.

ಸಾಂತಿಯಾಗೊಗೆ ಹತ್ತು ಕಿಲೋಮೀಟರ್ ಇರುವಾಗ ಲಾವಾಕೋಯಾ ಎಂಬಲ್ಲಿ ಒಂದು ಸಣ್ಣ ತೊರೆ ಬರುತ್ತದೆ. ಹಿಂದಿನ ಕಾಲದ ಯಾತ್ರಿಕರು ಗುಡಿಗೆ ಹೋಗುವ ಮುಂಚೆ ಇಲ್ಲಿ ಮೈ ತೊಳೆಯುತ್ತಿದ್ದರಂತೆ ಎಂದು ಫಲಕ ಓದಿ ಹೇಳಿದೆ. ಅಕ್ಕ ಆಗಲೇ ಬೂಟು ಬಿಚ್ಚುತ್ತಿದ್ದಳು. "ಗುಡ್ಡಾ ಏರೂಕಿಂತ ಮೊದಲ ಜೋಗುಳಬಾವ್ಯಾಗ ಜಳಕಾ ಮಾಡಂಗಿಲ್ಲೇನು? ಇದೂ ಹಂಗ." ನೀರು ಹಿಮದಂತಿತ್ತು. ಕೈಕಾಲು ಮುಖ ತೊಳೆದಳು, ನನಗೂ ಎರಚಿದಳು. ಆಚೆ ದಂಡೆಯಲ್ಲಿ ಉಪಾಹಾರ ಮಾಡುತ್ತಿದ್ದವರಲ್ಲಿ ಅದೇ ಉದ್ದನೆಯ ಡಚ್ಚರವನು ಎದ್ದು ಕೈ ಬೀಸಿದ. ಕಾಲುನೋವಿನಿಂದ ಅವನೂ ಹಿಂದುಳಿದಿದ್ದ. ಇವತ್ತು ಯಾವ ಕೊಟ್ಟಿಗೆಗೆ ಹೋಗಬೇಕು ಎಂದು ಕೂಗಿ ಕೇಳಿದ.

ಮಧ್ಯಾಹ್ನದ ಗಂಟೆ ಬಾರಿಸುವಾಗ ದೊಡ್ಡ ಚೌಕಕ್ಕೆ ಕಾಲಿಟ್ಟೆವು. ಎರಡು ಗೋಪುರಗಳು ಮೋಡ ಮುಟ್ಟುವಂತೆ ನಿಂತಿದ್ದವು. ಜನ ಅಳುತ್ತಿದ್ದರು, ನಗುತ್ತಿದ್ದರು, ಚೀಲ ತಲೆಗಿಟ್ಟುಕೊಂಡು ಕಲ್ಲಿನ ಮೇಲೆ ಮಲಗಿದ್ದರು. ಅಕ್ಕ ಒಂದು ಸಲ "ಉಧೋ" ಎಂದು ಎಲ್ಲಮ್ಮನ ಜಯಕಾರ ಹಾಕಿದಳು, ಮೆಲ್ಲಗೆ. ಪಿಲಾರ್ ಗುಂಪಿನಿಂದ ಓಡಿ ಬಂದಳು. ತಬ್ಬಿಕೊಳ್ಳುವ ಮೊದಲು ನೆಲಕ್ಕೆ ಕುಳಿತು ಅಕ್ಕನ ಬೂಟಿನ ದಾರ ಬಿಚ್ಚಿದಳು, ಕಾಲುಚೀಲ ಇಳಿಸಿ ಹಿಮ್ಮಡಿ, ಬೆರಳ ಸಂದಿ, ಮೊಣಕಾಲು ಎಲ್ಲ ಒತ್ತಿ ನೋಡಿದಳು. ಆಮೇಲೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಅತ್ತರು.

ಪ್ರಮಾಣಪತ್ರದ ಕಚೇರಿಯಲ್ಲಿ ನಮ್ಮ ಸರದಿ ಬಂತು. ಕಿಟಕಿಯ ಹಿಂದಿನ ಹುಡುಗಿ ಠಸ್ಸೆಗಳನ್ನು ನೋಡಿ, ಅಕ್ಕನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು: ಎಲ್ಲಿಂದ ನಡೆದು ಬಂದಿರಿ? "ಸಾರ್ರಿಯಾ, ಇಬ್ಬರೂ ಸಾರ್ರಿಯಾದಿಂದ," ಎಂದು ನಾನು ಥಟ್ಟನೆ ಹೇಳಿದೆ. ಅವಳು ಬರೆದುಕೊಂಡಳು, ಕಾಗದ ಕೊಟ್ಟಳು. ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು, "ಆ ಹುಡುಗಿ ನನಗ ಏನ್ ಕೇಳಿದ್ಳೋ?"

ನಲವತ್ತು ವರ್ಷ ಅವಳು ಕಾದಿದ್ದ ಪ್ರಶ್ನೆ ಅದು. ಅವಳ ಮುಖ ನೋಡಿ ಕೇಳಿದ್ದರು, ನಾನು ಹಾಜರಿ ಕರೆದವನಂತೆ ನಡುವೆ ಬಾಯಿ ಹಾಕಿ ಉತ್ತರ ಕೊಟ್ಟುಬಿಟ್ಟಿದ್ದೆ. ಇದ್ದದ್ದನ್ನು ಹೇಳಿದೆ. ಅಕ್ಕ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. "ಇರಲಿ ಬಿಡು. ನೀನೂ ನಡದಿಯಲಾ," ಅಂದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಪಿಲಾರ್ ಮನೆಯಲ್ಲೊಂದು ದಿನ ಉಳಿದು ತಿರುಗಿ ಹೊರಟೆವು. ಮ್ಯಾಡ್ರಿಡ್, ಮುಂಬೈ, ಬೆಳಗಾವಿ. ಬೈಲಹೊಂಗಲದಲ್ಲಿ ನಾನು ಇಳಿಯಬೇಕಿತ್ತು, ಅವಳನ್ನು ಮನೆ ಮುಟ್ಟಿಸಿ ಬರುತ್ತೇನೆಂದು ಮುಂದೆ ಹೋದೆ. ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಗುಡ್ಡಕ್ಕೆ ಹೋಗುವ ಟೆಂಪೋಗಳು ಕೂಗುತ್ತಿದ್ದವು. ಒಬ್ಬ ಡ್ರೈವರ್ ಅಕ್ಕನ ಗುರುತು ಹಿಡಿದು, "ಬರ್ರಿ ಯಕ್ಕಾರ, ಮುಂದ ಕುಂಡ್ರಿ," ಎಂದ.

ಅಕ್ಕ ಅವನನ್ನು ನೋಡಿದಳು, ರಸ್ತೆಯನ್ನು ನೋಡಿದಳು. ಚೀಲಕ್ಕೆ ಕಟ್ಟಿದ್ದ ರೈತನ ಬಡಿಗೆಗಳನ್ನು ಬಿಚ್ಚಿದಳು. "ನೀ ಗಾಡ್ಯಾಗ ಹೋಗ ತಮ್ಮಾ. ನಾ ನಡಕೊಂತ ಬರತೇನಿ."

"ಮಂದಿ ನಗತಾರಂತಿದ್ದೆಲಾ ಯಕ್ಕಾ?"

"ನಗಲಿ."

ಟೆಂಪೋದವನು ನಿಜಕ್ಕೂ ನಕ್ಕ. ನಾನೂ ಅಕ್ಕನ ಜೊತೆಗೇ ನಡೆದೆ. ಬಿಸಿಲು ಚುರುಗುಟ್ಟುತ್ತಿತ್ತು. ಜೋಗುಳಬಾವಿಯಲ್ಲಿ ಕೈಕಾಲು ತೊಳೆದುಕೊಂಡು, ನಿಂತು ಕುಳಿತು, ಗುಡ್ಡ ಹತ್ತುವಷ್ಟರಲ್ಲಿ ಹೊತ್ತು ಇಳಿದಿತ್ತು. ಹಾದಿಯಲ್ಲಿ ಯಾರನ್ನೂ ದಾರಿ ಕೇಳಬೇಕಾಗಿರಲಿಲ್ಲ. ಆದರೂ ಅಕ್ಕ ಹುಡುಗಾಟಕ್ಕೆ ಮೂವರನ್ನು ಕೇಳಿದಳು. ಮೂವರೂ ಗುಡ್ಡದ ಕಡೆಗೇ ಕೈ ಮಾಡಿದರು.

ಅಂಗಡಿಯಲ್ಲಿ ಸೊಸೆ ಕುಳಿತಿದ್ದಳು. ಮುಂದೆ ನಡೆದು ಬಂದ ಭಕ್ತರ ಗುಂಪು. ನಾವು ಅವರ ಹಿಂದೆ ಸಾಲಿನಲ್ಲಿ ನಿಂತೆವು. ಸೊಸೆ ತಲೆ ಬಗ್ಗಿಸಿ ಭಂಡಾರ ತೂಗುತ್ತಿದ್ದಳು. ನಮ್ಮ ಸರದಿ ಬಂದಾಗ ಅವಳಿಗೆ ಕಂಡದ್ದು ಧೂಳು ಹತ್ತಿದ ಸೀರೆಯ ಅಂಚು, ಬೂಟು, ಎರಡು ಬಡಿಗೆ. ಅತ್ತೆಯಿಂದ ಕಲಿತ ರೂಢಿಯ ಮಾತನ್ನೇ, ತಲೆ ಎತ್ತದೆ ಕೇಳಿದಳು:

"ಎಲ್ಲಿಂದ ನಡಕೊಂತ ಬಂದ್ರೀ ಯವ್ವಾ?"

ನಾನು ಬಾಯಿ ತೆರೆದೆ. ತಕ್ಷಣ ಮುಚ್ಚಿಕೊಂಡೆ. 

ಅಕ್ಕ ಅವಸರ ಮಾಡಲಿಲ್ಲ. ಬಡಿಗೆ ಎರಡನ್ನೂ ಒಂದೇ ಕೈಗೆ ತೆಗೆದುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ನೆಟ್ಟಗೆ ನಿಂತಳು. ಎಷ್ಟೋ ಸಲ ಅವಳು ನನಗೆ ವರ್ಣಿಸಿದ್ದ ಮುಖವನ್ನು ನಾನು ಆಗ ಕಣ್ಣಾರೆ ಕಂಡೆ.

"ಸವದತ್ತಿಂದ ಬಂದೇನವಾ," ಅಂದಳು. "ಭಂಡಾರ ತೀರೇತಿ. ಈ ಚೀಲಕ್ಕ ಒಂದೀಟ ಹಾಕು."